ಕಾಲುವೆ ದಂಡೆಯ ಮೋಟರು

ಕಳೆದ ಮಳೆಗಾಲದ ಕೊನೆಗೆ ಕೆಲಸದ ಮೇಲೆ ಯಾದಗಿರಿಗೆ ಹೋಗಿದ್ದೆ. ಸ್ಟೇಷನ್ನಿನಿಂದ ಶಹಾಪುರದ ದಾರಿ ಹಿಡಿದ ಕಾರು ಭತ್ತದ ಗದ್ದೆಗಳ ನಡುವೆ ಪಂಕ್ಚರ್ ಆಗಿ ನಿಂತಿತು. ಡ್ರೈವರ್ ಜಾಕ್ ಹಚ್ಚುತ್ತಿದ್ದಾಗ ನಾನು ಇಳಿದು ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿ ನಿಂತೆ. ಕಾದ ಎಣ್ಣೆಯ ವಾಸನೆ, ಅದರ ಜೊತೆಗೆ ನೀರು ನಿಂತ ಗದ್ದೆಯ ವಾಸನೆ. ಬೇರೆ ಬೇರೆಯಾಗಿ ಇವೆರಡೂ ಎಷ್ಟೋ ಕಡೆ ಮೂಗಿಗೆ ಬಡಿದಿವೆ. ಒಟ್ಟಿಗೆ ಬಂದದ್ದು ಬಹಳ ವರ್ಷಗಳ ಮೇಲೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಆದರೂ ಮುಖ ಬಿಸಿಯಾಗಿ, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದೆ.

ಕರೆಂಟು ಎಲ್ಲಿ ಪೋಲಾಗುತ್ತದೆ ಎಂದು ಅಳೆದು ನೋಡಿ, ಹೀಗೆ ಮಾಡಿದರೆ ಉಳಿಯುತ್ತದೆ ಎಂದು ಹೇಳುವುದು ನನ್ನ ಉದ್ಯೋಗ. ಕಾರ್ಖಾನೆಗಳಿಗೆ ಹೋಗುತ್ತೇನೆ, ಆಸ್ಪತ್ರೆಗಳಿಗೆ, ಊರೂರಿನ ಪಂಪ್‌ಹೌಸುಗಳಿಗೆ ಹೋಗುತ್ತೇನೆ. ಈಗ ಇದಕ್ಕೆ ಎನರ್ಜಿ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಹೆಸರಿದೆ, ಪರೀಕ್ಷೆಗಳಿವೆ. ಹೊಸದಾಗಿ ಸೇರಿದ ಹುಡುಗರು, ಮೇಡಂ ನೀವು ಎಲ್ಲಿ ಶುರು ಮಾಡಿದಿರಿ ಎಂದು ಕೇಳುತ್ತಾರೆ. ಗುಲಬರ್ಗಾದಲ್ಲಿ ಎನ್ನುತ್ತೇನೆ. ಸುಳ್ಳಲ್ಲ, ಆಫೀಸು ಅಲ್ಲೇ ಇತ್ತು. ಆದರೆ ಶುರುವಾದದ್ದು ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಕಾಲುವೆಯ ದಂಡೆಯ ಮೇಲೆ.

ನಮ್ಮಪ್ಪ ಶಿವಶರಣಪ್ಪ ಮಾಸ್ತರ್. ಸುತ್ತಲಿನ ಎಷ್ಟೋ ಊರುಗಳ ಶಾಲೆಗಳಲ್ಲಿ ಕಲಿಸಿ, ಕೊನೆಗೆ ನಮ್ಮೂರಿಗೇ ಹೆಡ್‌ಮಾಸ್ತರನಾಗಿ ಬಂದವನು. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅವನು ಓಣಿಯಲ್ಲಿ ಬಂದರೆ ಬೀಡಿ ಸೇದುವ ದೊಡ್ಡವರೂ ಬೀಡಿ ಹಿಂದಕ್ಕೆ ಹಿಡಿಯುತ್ತಿದ್ದರು. ನಾನು ಅವನ ಒಬ್ಬಳೇ ಮಗಳು. ಹೈಸ್ಕೂಲಿನಿಂದಲೇ ಗುಲಬರ್ಗಾದ ಹಾಸ್ಟೆಲ್ಲಿನಲ್ಲಿ ಬೆಳೆದೆ. ಅಲ್ಲಿಯೇ ಇಂಜಿನಿಯರಿಂಗ್, ಅದರಲ್ಲೂ ವಿದ್ಯುತ್ ವಿಭಾಗ ಓದಿದೆ. ರಜೆಗೆ ಊರಿಗೆ ಬರುವುದು, ಅವ್ವನ ಕೈಯ ಎಣ್ಣೆಗಾಯಿ, ರೊಟ್ಟಿ ಉಣ್ಣುವುದು, ಹೋಗುವುದು. ಊರಿನ ಬಗ್ಗೆ ನನಗೆ ಗೊತ್ತಿದ್ದುದು ಅಷ್ಟೇ.

ನಾರಾಯಣಪುರದಿಂದ ಬರುವ ಕಾಲುವೆ ನಮ್ಮ ಸೀಮೆಗೆ ಬಂದಾಗ ನಾನು ಇನ್ನೂ ಚಿಕ್ಕವಳು. ಅದು ನಮ್ಮ ಹೊಲದ ಅಂಚನ್ನು ಕತ್ತರಿಸಿಕೊಂಡೇ ಹೋಯಿತು. ಕಾಲುವೆಯ ಕೆಳಗಿನ ಹೊಲಗಳಿಗೆ ನೀರು ತಾನಾಗಿ ಹರಿಯುತ್ತದೆ. ಮೇಲಿನ ಹೊಲಗಳಿಗೆ ಏರುವುದಿಲ್ಲ. ನಮ್ಮದು ಮೇಲಿನ ಹೊಲ. ನಾನು ಕಾಲೇಜು ಸೇರಿದ ವರ್ಷ ಅಪ್ಪ, ‘ಈಗ ಭತ್ತ ಹಾಕಾಕತ್ತೇವಿ’ ಎಂದಿದ್ದ. ನನಗೆ ಖುಷಿಯಾಗಿತ್ತು. ನೀರು ಮೇಲಕ್ಕೆ ಹೇಗೆ ಹತ್ತಿತು ಎಂದು ಕೇಳಲಿಲ್ಲ. ಪಂಪು, ಮೋಟರುಗಳ ಬಗ್ಗೆಯೇ ಪರೀಕ್ಷೆ ಬರೆಯುತ್ತಿದ್ದವಳು ಕೇಳಲಿಲ್ಲ.

ಓದು ಮುಗಿದ ವರ್ಷ ಶ್ರಾವಣದಲ್ಲಿ ಗುಲಬರ್ಗಾದ ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ನೌಕರಿ ಸಿಕ್ಕಿತು. ನಡೆಸುತ್ತಿದ್ದವರು ಖಾದ್ರಿ ಸಾಹೇಬರು. ಹೈದರಾಬಾದಿನ ಗಿರಣಿಯಲ್ಲಿ ಬಹಳ ಕಾಲ ಇಂಜಿನಿಯರ್ ಆಗಿದ್ದು, ತಲೆ ನರೆತ ಮೇಲೆ ಊರಿಗೆ ಮರಳಿದವರು. ಸುರಪುರ ಮತ್ತು ಶಹಾಪುರದ ನಡುವಿನ ಒಂದು ವಿದ್ಯುತ್ ಮಾರ್ಗದಲ್ಲಿ ಎಷ್ಟು ಕರೆಂಟು ಹೊರಡುತ್ತದೆ, ಎಷ್ಟು ಲೆಕ್ಕಕ್ಕೆ ಸಿಗುತ್ತದೆ, ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ನೋಡುವ ಕೆಲಸ ಅವರಿಗೆ ಬಂದಿತ್ತು. ಆ ಮಾರ್ಗದಲ್ಲಿ ನಮ್ಮೂರೂ ಇತ್ತು. ಅದನ್ನು ನಾನೇ ಹೆಮ್ಮೆಯಿಂದ ಹೇಳಿಕೊಂಡೆ.

‘ಅಚ್ಛಾ ಆಯ್ತು ಬೇಟೀ,’ ಎಂದರು. ‘ಊಟಕ್ಕ ತಕಲೀಫ್ ಇಲ್ಲ. ಒಂದು ಮಾತು ನೆನಪಿಡು. ನಾವು ಪೊಲೀಸ್ರಲ್ಲ, ಹಕೀಮರು. ನಾಡಿ ನೋಡೋದು, ಏನ್ ರೋಗ ಅದ ಹೇಳೋದು. ಯಾರ್ನೂ ಹಿಡಿಯೋದಲ್ಲ.’

ಶಹಾಪುರದಲ್ಲಿ ಒಂದು ಕೋಣೆ ಹಿಡಿದೆ. ಕಿಟಕಿ ತೆರೆದರೆ ಮಲಗಿದ ಬುದ್ಧನ ಗುಡ್ಡ. ನನ್ನ ಜೊತೆ ತಿರುಗಲು ಲೈನ್‌ಮನ್ ಬಸಲಿಂಗಣ್ಣನನ್ನು ಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಬಾಯಿಯ ತುಂಬ ಎಲೆಯಡಿಕೆ. ಅವನ ಸೈಕಲ್ ಮೋಟರಿನ ಹಿಂದೆ ಕೂತು, ತೊಡೆಯ ಮೇಲೆ ಅಳೆಯುವ ಉಪಕರಣದ ಚೀಲ ಇಟ್ಟುಕೊಂಡು, ಕರಿಮಣ್ಣಿನ ದಾರಿಗಳಲ್ಲಿ ಜಾರುತ್ತ, ಏಳುತ್ತ ತಿರುಗಿದೆವು. ಆ ವರ್ಷ ಮಳೆ ಒಮ್ಮೆ ಧೋ ಎಂದು ಸುರಿಯುವುದು, ಆಮೇಲೆ ದಿನಗಟ್ಟಲೆ ಬಿಸಿಲು. ಭೀಮಾ ತುಂಬಿದೆ ಎಂಬ ಸುದ್ದಿ ಯಾದಗಿರಿಯಿಂದ ಬಂದ ದಿನ ನಮ್ಮ ಕಡೆ ಧೂಳು ಏಳುತ್ತಿತ್ತು. ಜನ ನಮ್ಮನ್ನು ಕಂಡರೆ ಮೊದಲು ಮನೆಯ ಬಾಗಿಲು ಮುಚ್ಚುತ್ತಿದ್ದರು. ‘ಕರೆಂಟ್ ಕಳ್ಳರ್ನ ಹಿಡಿಯಾಕ ಬಂದಾಳ,’ ಎಂದು ಹುಡುಗರು ಕೂಗಿಕೊಂಡು ಓಡುತ್ತಿದ್ದರು. ಅಲ್ಲರೋ, ನಾನು ಹಕೀಮಳು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಕೆಲಸವನ್ನು ಮಾರ್ಗದ ತುದಿಯ ಊರಿನಿಂದ ಶುರು ಮಾಡಿದೆವು. ಅದು ಶಹಾಪುರದ ಸೀಮೆಯಲ್ಲಿತ್ತು. ಕಾಲುವೆಯ ನೀರೂ ಅಲ್ಲಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ, ಕರೆಂಟೂ ಮುಟ್ಟುತ್ತಿರಲಿಲ್ಲ. ಹಗಲಿನಲ್ಲಿ ಹೊಲಗಳಿಗೆ ಮೋಟರು ಓಡಿಸುವ ತ್ರೀಫೇಸ್ ಕರೆಂಟು ಬಂದ ಕೂಡಲೇ ಮೇಲಿನ ಊರುಗಳ ಮೋಟರುಗಳೆಲ್ಲ ಎಳೆಯಲು ಶುರುಮಾಡುತ್ತವೆ, ತುದಿಯ ಊರಿನ ತಂತಿಯಲ್ಲಿ ಬಲವೇ ಉಳಿಯುವುದಿಲ್ಲ. ಆ ಊರಿಗೆ ಇದ್ದುದು ಒಂದೇ ಒಂದು ಕುಡಿಯುವ ನೀರಿನ ಮೋಟರು. ಅದು ಅಷ್ಟು ಸಣ್ಣ ಕರೆಂಟಿನಲ್ಲಿ ತಿಣುಕಿ ತಿಣುಕಿ ಸುಟ್ಟುಹೋಗುತ್ತಿತ್ತು.

ಇದನ್ನು ನನಗೆ ತೋರಿಸಿದವಳು ಆ ಊರಿನ ಅಂಗನವಾಡಿಯ ಸುಜಾತಾ. ನನಗಿಂತ ಸ್ವಲ್ಪ ದೊಡ್ಡವಳು, ಎತ್ತರದ ಹೆಂಗಸು. ಪಂಪ್‌ಹೌಸಿನ ಬಾಗಿಲು ತೆಗೆಸಿ, ‘ನೋಡ್ರಿ ಮೇಡಂ, ಸುಟ್ಟ ವಾಸನಿ ಇನ್ನೂ ಹೋಗಿಲ್ಲ,’ ಎಂದಳು. ‘ವೈಂಡಿಂಗ್ ಮಾಡಿಸ್ಕೊಂಡು ತರ್ತಾರ, ಮತ್ತ ಸುಡ್ತದ. ಅದರ ತಪ್ಪೇನೈತ್ರಿ? ಉಪವಾಸ ಕೆಡವಿ ದುಡೀ ಅಂದ್ರ ಯಾರ್ ದುಡಿತಾರ?’

ಊಟಕ್ಕೆ ತನ್ನ ಮನೆಗೇ ಕರೆದೊಯ್ದಳು. ಊರ ಹೊರಗಿನ ಓಣಿ, ಸಾರಿಸಿದ ನೆಲ, ಗೋಡೆಯ ಮೇಲೆ ಬುದ್ಧನ ಪಟ. ಬಸಲಿಂಗಣ್ಣ, ಸೈಕಲ್ ಮೋಟರು ನೋಡಿಕೊಳ್ಳುತ್ತೇನೆ ಎಂದು ಹೊರಗೇ ಉಳಿದ. ರೊಟ್ಟಿಗೆ ಪುಂಡಿಪಲ್ಯ ಬಡಿಸುತ್ತ, ನಿಮ್ಮದು ಯಾವೂರು ಎಂದು ಕೇಳಿದಳು. ಊರು ಹೇಳಿ, ಅಪ್ಪನ ಹೆಸರು ಹೇಳಿದೆ. ಅವಳ ಕೈ ಹಾಗೇ ನಿಂತಿತು.

‘ನಮ್ಮ ಸರ್ ಮಗಳಾ ನೀವು?’

ಅಪ್ಪ ಅವಳ ಊರಿನ ಶಾಲೆಯಲ್ಲಿ ಕಲಿಸಿದ್ದನಂತೆ. ‘ನಮ್ಮ ಓಣಿ ಹುಡುಗೂರನ್ನ ಮುಂದಿನ ಸಾಲಿಗೆ ಕರ್ದು ಕೂಡಿಸಿದ್ದು ಅವರೇರಿ ಮೊದಲು. ಅದಕ್ಕಿಂತ ಮೊದಲು ಬಾಗಿಲ ಹತ್ರ ಕೂಡ್ತಿದ್ವಿ,’ ಎಂದಳು. ‘ಒಮ್ಮೆ ಪರೀಕ್ಷಾದಾಗ ಬಾಜುದಾಕಿ ಪಾಟಿ ನೋಡಿ ಬರದಿದ್ನಿರಿ. ಸರಿ ಉತ್ತರಾನೇ. ಸೊನ್ನಿ ಕೊಟ್ರು. ಯಾಕ್ರಿ ಸರ್ ಅಂದ್ರ, ಈ ಉತ್ತರ ನಿಂದಲ್ಲ ಅಂದ್ರು.’ ಹೇಳಿ ನಕ್ಕಳು. ಆಮೇಲೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಇನ್ನೇನೋ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. ಮತ್ತೊಂದು ರೊಟ್ಟಿ ಹಾಕಿ, ‘ಉಣ್ರಿ ತಂಗಿ. ಸರ್‌ಗೆ ನನ್ನ ನಮಸ್ಕಾರ ಹೇಳ್ರಿ,’ ಎಂದಳು.

ಅವತ್ತು ಶಹಾಪುರಕ್ಕೆ ಮರಳುವ ದಾರಿಯುದ್ದಕ್ಕೂ ನನಗೆ ಅಪ್ಪನ ಮಗಳಾಗಿರುವುದೇ ದೊಡ್ಡ ಪದವಿ ಅನ್ನಿಸಿತ್ತು.

ಕೆಳಗಿನಿಂದ ಮೇಲಕ್ಕೆ ಊರಿಂದೂರಿಗೆ ಬರುತ್ತ, ಭಾದ್ರಪದದ ಹೊತ್ತಿಗೆ ನಮ್ಮೂರು ಮುಟ್ಟಿದೆವು. ಅಪ್ಪ ಕಟ್ಟೆಯ ಮೇಲಿನವರಿಗೆ ಮೊದಲೇ ಹೇಳಿಟ್ಟಿದ್ದ, ‘ನಮ್ಮ ಗಿರಿಜಾ ಸರ್ವೇಕ್ಕ ಬರ್ತಾಳ, ಯಾರೂ ಅಂಜಬ್ಯಾಡ್ರಿ,’ ಎಂದು. ಬೆಳಗಿನ ಹೊತ್ತು ಟ್ರಾನ್ಸ್‌ಫಾರ್ಮರಿನ ಹತ್ತಿರ ಅಳೆದೆ. ಕಾಗದದಲ್ಲಿದ್ದ ಪಂಪ್‌ಸೆಟ್ಟುಗಳಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಹರಿಯುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಟ್ರಾನ್ಸ್‌ಫಾರ್ಮರು ಕಾದಿತ್ತು. ಎಣ್ಣೆಯ ವಾಸನೆ ಗದ್ದೆಯ ತುಂಬ ಹರಡಿತ್ತು.

‘ಈ ತಂತಿ ಎಲ್ಲಿಗೆ ಹೋಗ್ತದ ನೋಡೋಣ ಬಾ ಬಸಲಿಂಗಣ್ಣ,’ ಎಂದೆ.

‘ಅತ್ತಾಗ ಬ್ಯಾಡ್ರಿ ಅಕ್ಕಾರ. ಕೆಸರದ.’

‘ನಿನ್ನೆ ಮೊಣಕಾಲು ಮಟ ಕೆಸರಿನ್ಯಾಗ ಹೋಗೀವಲ್ಲ.’

‘ಹುಳಾಹುಪ್ಪಡಿ ಇರ್ತಾವ್ರಿ. ನಾ ಬರೆಸ್ತೀನಿ, ನೀವು ನೆರಳಿಗೆ ಕೂಡ್ರಿ.’

ಅವನ ದನಿ ಬೇರೆಯಾಗಿತ್ತು. ಅದು ನನಗೆ ತಿಳಿಯಬೇಕಿತ್ತು, ತಿಳಿಯಲಿಲ್ಲ. ತಂತಿಯ ಗುಂಟ ನಾನೇ ಮುಂದೆ ನಡೆದೆ. ಕಾಲುವೆಯ ದಂಡೆಯ ಮೇಲೆ ಕಂಬದಿಂದ ಕಂಬಕ್ಕೆ ಕೊಕ್ಕೆಗಳು ಜೋತುಬಿದ್ದಿದ್ದವು. ಬಿದಿರಿನ ಗಳದಿಂದ ಮೇಲಿನ ಬರಿತಂತಿಗೆ ಸಿಗಿಸಿದ ಕೊಕ್ಕೆಗಳು. ಒಂದೊಂದರ ಕೆಳಗೆ ಒಂದೊಂದು ಮೋಟರು, ಕಾಲುವೆಗೆ ಇಳಿಬಿಟ್ಟ ಪೈಪು. ನೀರೂ ಕಳುವಿನದು, ಕರೆಂಟೂ ಕಳುವಿನದು. ಬರೆದುಕೊಳ್ಳುತ್ತ ಹೋದೆ. ಕೊನೆಯ ಮೋಟರಿನ ಮೇಲೆ ಮಳೆಗೆ ನೆನೆಯದಂತೆ ಒಂದು ತಗಡಿನ ಟ್ರಂಕನ್ನು ಬೋರಲು ಹಾಕಿದ್ದರು. ಹಸಿರು ಬಣ್ಣ. ಅದರ ಪಕ್ಕಕ್ಕೆ ಬಿಳಿಯ ಅಕ್ಷರದಲ್ಲಿ ನನ್ನ ಹೆಸರು ಬರೆದಿತ್ತು, ಹೆಸರಿನ ಕೆಳಗೆ ಹಾಸ್ಟೆಲ್ಲಿನ ಕೋಣೆಯ ನಂಬರು. ಬರೆದದ್ದು ಅಪ್ಪನೇ, ನನ್ನನ್ನು ಮೊದಲ ಸಲ ಹಾಸ್ಟೆಲ್ಲಿಗೆ ಬಿಡಲು ಹೊರಟ ದಿನ.

ಮೋಟರು ಓಡುತ್ತಿತ್ತು. ಟ್ರಂಕು ಸಣ್ಣಗೆ ನಡುಗುತ್ತಿತ್ತು. ಪೈಪಿನ ನೀರು ದಂಡೆ ಏರಿ, ನಮ್ಮ ಗದ್ದೆಗೆ ಬೀಳುತ್ತಿತ್ತು.

ಬಸಲಿಂಗಣ್ಣ ಬೇರೆ ಕಡೆ ಮುಖ ತಿರುಗಿಸಿ ಎಲೆಯಡಿಕೆ ಉಗುಳಿದ. ‘ಇದೊಂದು ಬಿಡ್ರಿ ಅಕ್ಕಾರ,’ ಎಂದ. ‘ನಾ ನೋಡಿಲ್ಲ, ನೀವೂ ನೋಡಿಲ್ಲ.’

ನನಗೆ ಆ ಕ್ಷಣದಲ್ಲಿ ತುದಿಯ ಊರು ನೆನಪಾಗಲಿಲ್ಲ, ಸುಜಾತಾ ನೆನಪಾಗಲಿಲ್ಲ. ನೆನಪಾದದ್ದು ಖಾದ್ರಿ ಸಾಹೇಬರು ಈ ಟ್ರಂಕು ನೋಡಿದರೆ ಏನು ಗತಿ ಎಂಬುದು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡಿತು. ಉಳಿದವುಗಳ ಹಾಗೆ ಅದನ್ನೂ ಅಳೆದು, ಬರೆದುಕೊಂಡು, ಚೀಲ ಕಟ್ಟಿದೆ.

ಮಧ್ಯಾಹ್ನ ಮನೆಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದ.

‘ಅಪ್ಪಾ, ದಂಡಿ ಮ್ಯಾಲಿನ ಕಡೀ ಮೋಟರ್ ನಮ್ದಾ?’

‘ಹೂಂ,’ ಎಂದ. ತಲೆ ಎತ್ತಲಿಲ್ಲ.

‘ಎಂದಿನಿಂದ?’

‘ನೀ ಕಾಲೇಜಿಗೆ ಹೋದಾಗಿಂದ.’ ಕೆಂಪು ಪೆನ್ನನ್ನು ಕಾಪಿಯ ಮೇಲಿಟ್ಟ. ‘ಕಾಲಿವಿ ನಮ್ಮ ಹೊಲ ಸೀಳ್ಕೊಂಡು ಹೋಗ್ಯದ. ನೀರು ಮಾತ್ರ ಆ ಕಡಿಯವ್ರಿಗೆ. ಅರ್ಜಿ ಕೊಟ್ಟೆ, ಮ್ಯಾಲಿನ ಹೊಲಕ್ಕ ಕೊಡಾಕ ಬರಂಗಿಲ್ಲ ಅಂದ್ರು. ಊರೆಲ್ಲ ಎಳಿಯಾಕತ್ತಿತ್ತು. ಮೂರು ವರ್ಷ ನಾ ಸುಮ್ನ ಕುಂತೆ ಗಿರಿಜಾ. ಮಾಸ್ತರ್ ಒಬ್ಬ ಹುಚ್ಚ ಅಂತ ಅಂದ್ಕೊಂಡ್ರು.’

‘ಅದಕ್ಕ ನೀನೂ…’

‘ನಿನ್ನ ಹಾಸ್ಟೆಲ್ಲು, ಪುಸ್ತಕ, ಫೀಸು, ಇವೆಲ್ಲ ಜ್ವಾಳದ ಹೊಲದಾಗ ಬೆಳಿತಾವೇನು? ನನ್ನ ಪಗಾರದಾಗ ಆಗ್ತಿತ್ತೇನು?’

ಅಪ್ಪ ನನ್ನ ಮೇಲೆ ಎಂದೂ ದನಿ ಏರಿಸಿದವನಲ್ಲ. ಆಗಲೂ ಏರಿಸಲಿಲ್ಲ. ವಿದ್ಯುತ್ತು ಹೇಗೆ ಹರಿಯುತ್ತದೆಂದು ನಾಲ್ಕು ವರ್ಷ ಓದಿದ್ದೆ. ಆ ಓದಿಗೆ ಹಣ ಬಂದದ್ದು ಈ ಕೊಕ್ಕೆಯಿಂದ. ಕೈಯಲ್ಲಿದ್ದ ಉಪಕರಣದ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದೆ. ಅವ್ವ ಒಳಗಿನಿಂದ, ‘ಉಣ್ಣೋ ಹೊತ್ತಿನ್ಯಾಗ ಏನ್ ಪಂಚಾಯ್ತಿ ನಿಮ್ದು?’ ಎಂದು ಕೂಗಿದಳು.

‘ಬರ್ಕೊಂಡಿ ಏನು?’ ಅಪ್ಪ ಮೆಲ್ಲಗೆ ಕೇಳಿದ.

‘ಬರ್ಕೊಂಡೀನಿ.’

‘ಅದು ನಿನ್ನ ನೌಕರಿ,’ ಎಂದು ಮತ್ತೆ ಕಾಪಿ ತೆರೆದ.

ವಾರದ ಕೊನೆಗೆ ಖಾದ್ರಿ ಸಾಹೇಬರು ರೈಲಿನಲ್ಲಿ ಯಾದಗಿರಿಗೆ ಬರುತ್ತಿದ್ದರು. ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕೂತು ಅಳತೆಗಳನ್ನು ನೋಡುತ್ತಿದ್ದರು. ಅವತ್ತು ನಮ್ಮೂರಿನದು ನೋಡಿ, ‘ಬಾಪ್ ರೇ, ಭಾಳ ಜೋರ್ ಅದ ಇಲ್ಲಿ,’ ಎಂದರು.

‘ಸರ್, ರಿಪೋರ್ಟಿನ್ಯಾಗ ಯಾರ ಹೆಸರಾದ್ರೂ ಬರ್ತಾವೇನ್ರಿ?’ ಎಂದು ಕೇಳಿದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. ‘ಇಲ್ಲ ಬೇಟೀ. ಟ್ರಾನ್ಸ್‌ಫಾರ್ಮರ್ ನಂಬರ್ ಅಷ್ಟೇ. ಯಾಕ, ಯಾರ್ದು?’

‘ಯಾರ್ದೂ ಇಲ್ರಿ.’

ಅಷ್ಟು ದಿನ ಸರಿಯಾಗಿ ಉಂಡಿರಲಿಲ್ಲ. ಅವತ್ತು ಸುಸಲಾ, ಮಿರ್ಚಿ ತರಿಸಿಕೊಂಡು ತಿಂದೆ, ಮೇಲೆ ಇನ್ನೊಂದು ಪ್ಲೇಟು ಹೇಳಿದೆ. ಅದು ಬಂದು ಮುಂದೆ ಕೂತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ತಿಂದೆ.

ಮುಂದಿನ ಸಲ ತುದಿಯ ಊರಿಗೆ ಹೋದಾಗ ಪಂಪ್‌ಹೌಸಿನ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ರಿಪೇರಿಯಾಗಿ ಬಂದ ಮೋಟರು ಮತ್ತೆ ಸುಟ್ಟಿತ್ತು. ಊರಾಚೆಯ ಬೋರಿಂಗಿನ ಹತ್ತಿರ ಕೊಡಗಳ ಸಾಲು. ಹಿಡಿಕೆ ಹತ್ತಾರು ಸಲ ಒತ್ತಿದ ಮೇಲೆ ನೀರು ಏರುವ ಬೋರಿಂಗು ಅದು. ಸುಜಾತಾ ಅಂಗನವಾಡಿಯ ಮಕ್ಕಳ ಅಡಿಗೆಗೆಂದು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ಮುಖದ ಮೇಲೆ ಬೆವರು. ನನ್ನನ್ನು ಕಂಡು ನಿಂತಳು.

‘ಅಳದ್ರೇನ್ರಿ ಎಲ್ಲಾ ಊರು? ಏನ್ ಕಂಡ್ರಿ ತಂಗಿ?’

‘ಮ್ಯಾಲಿನ ಊರಾಗ ಭಾಳ ಎಳಿತಾರ,’ ಎಂದೆ.

‘ಗೊತ್ತೈತ್ರಿ,’ ಎಂದಳು. ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ತಿರುಗಿ, ‘ಸರ್‌ಗೆ ನಮಸ್ಕಾರ ಹೇಳಿದ್ರಿಲ್ಲೋ?’ ಎಂದು ಕೇಳಿದಳು.

ಹೇಳಿರಲಿಲ್ಲ. ಹೇಳಿದ್ದೇನೆ ಎಂದೆ.

ಆ ದಿನ ಕೋಣೆಗೆ ಹೋಗದೆ ನೇರವಾಗಿ ಊರಿನ ಬಸ್ಸು ಹತ್ತಿದೆ. ಅಪ್ಪ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಅಲ್ಲೇ ಬಚ್ಚಲ ಕಟ್ಟೆಯ ಹತ್ತಿರ ನಿಂತು, ‘ಸುಜಾತಾ ಅಂತ ಒಬ್ಬಾಕಿ ನಿನಗ ನಮಸ್ಕಾರ ಹೇಳ್ಯಾಳ,’ ಎಂದೆ.

‘ಯಾವ ಸುಜಾತಾ?’ ಎಂದವನು ನಾನು ಊರ ಹೆಸರು ಹೇಳುವ ಮೊದಲೇ, ‘ಎಡಗೈಲೆ ಬರೀತಿದ್ದಳು, ಎತ್ತರದ ಹುಡುಗಿ, ಅಕಿನಾ?’ ಎಂದ. ಮುಖ ಅರಳಿತು. ‘ಏನ್ ಮಾಡಾಕತ್ಯಾಳೀಗ?’

‘ನೀರು ಹೊರಾಕತ್ಯಾಳ,’ ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಪಂಪ್‌ಹೌಸು, ಸುಟ್ಟ ಮೋಟರು, ಬೋರಿಂಗಿನ ಸಾಲು. ಅವಳ ಊರೂ ನಮ್ಮೂರೂ ಒಂದೇ ತಂತಿಯ ಮೇಲಿವೆ ಎಂಬುದನ್ನು ಕೊನೆಗೆ ಹೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅದು ಅಪ್ಪನ ಮೇಲಿನ ಸಿಟ್ಟೋ, ಎರಡು ಪ್ಲೇಟು ತಿಂದ ನನ್ನ ಮೇಲಿನದೋ, ಬಿಡಿಸಿ ನೋಡುವ ಧೈರ್ಯ ಇರಲಿಲ್ಲ. ಅಪ್ಪ ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಕೊನೆಯವರೆಗೂ ಕೇಳಿಸಿಕೊಂಡ. ಊಟಕ್ಕೆ ಏಳಲಿಲ್ಲ.

ಮರುದಿನ ಶಾಲೆಗೆ ಹೋಗುವ ಮೊದಲು ಬಸಲಿಂಗಣ್ಣನನ್ನು ಕರೆಸಿದ. ಲೈನು ಬಂದ್ ಮಾಡಿಸಿ, ಊರವರೆಲ್ಲ ಹೊಲಕ್ಕೆ ಹೋಗುವ ಹೊತ್ತಿನಲ್ಲೇ, ಅವರ ಕಣ್ಣೆದುರಿಗೇ ನಮ್ಮ ಮೋಟರಿನ ಕೊಕ್ಕೆಗಳನ್ನು ಇಳಿಸಿದ. ಧೋತರ ಮೇಲೆ ಕಟ್ಟಿ ತಾನೇ ಪೈಪು ಬಿಚ್ಚಿದ. ಮೋಟರನ್ನು ಬಂಡಿಗೆ ಎತ್ತಲು ನಾನೂ ಕೈ ಹಾಕಿದೆ. ಪಕ್ಕದ ಹೊಲದ ಸಿದ್ದಪ್ಪ ಕಾಕಾ ಓಡಿ ಬಂದ.

‘ಏನ್ ಮಾಡಾಕತ್ತೀರಿ ಮಾಸ್ತರ? ಭತ್ತ ಹಾಲ್ಗಾಳಾಗ ಅದ. ಈಗ ನೀರು ಕಡದ್ರ ಬರೀ ಜೊಳ್ಳು ಬರ್ತದ!’

‘ಬರ್ಲಿ ಸಿದ್ದಪ್ಪ.’

‘ನಿಮ್ದು ನೀವು ಕಿತ್ಕೊಂಡ್ರಿ. ನಾಳಿ ನಮ್ಮವು ಕೀಳಾಕ ಬರ್ತಾರ. ಮಗಳ ನೌಕರಿ ಸಂಬಂಧ ಊರಿನ ಹೊಟ್ಟಿ ಮ್ಯಾಲ ಹೊಡಿತೀರೇನು?’ ಎಂದು ನನ್ನ ಕಡೆ ನೋಡಿದ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು. ‘ಹಿಂಗ ಮಾಡ್ತಿ ಅಂತ ಅಂದ್ಕೊಂಡಿದ್ದಿಲ್ಲ ಗಿರಿಜಾ.’

ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದೆ. ಅವನು ನಂಬಲಿಲ್ಲ. ಊರೂ ನಂಬಲಿಲ್ಲ. ಅಪ್ಪನ ಮುಂದೆ ಬೀಡಿ ಮುಚ್ಚುವವರು ಈಗ ಮುಚ್ಚದೆ ಸೇದತೊಡಗಿದರು. ಅಬ್ಬೆತುಮಕೂರಿನ ಮಠಕ್ಕೆ ಹೊರಟ ಹೆಂಗಸರ ಬಂಡಿ ನಮ್ಮ ಮನೆಯ ಮುಂದೆ ನಿಲ್ಲದೆ ಹೋಯಿತು. ಪ್ರತಿ ವರ್ಷ ಅದರಲ್ಲಿ ಅವ್ವನಿಗೆ ಜಾಗ ಇರುತ್ತಿತ್ತು. ಅವ್ವ ಬುತ್ತಿ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಬಂಡಿ ತಿರುವು ದಾಟಿದ ಮೇಲೆ ಒಳಗೆ ಬಂದು ಬುತ್ತಿ ಬಿಚ್ಚುತ್ತ, ‘ನೀ ಈ ನೌಕರಿ ಹಿಡ್ಕೊಂಡು ಬರೋದಕ್ಕಿಂತ ಮೊದಲು ನಾವು ಚಂದ ಇದ್ವಿ ಬೇ,’ ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಭತ್ತ ಸಿದ್ದಪ್ಪ ಕಾಕಾ ಹೇಳಿದಂತೆಯೇ ಆಯಿತು. ಸುಗ್ಗಿಯಲ್ಲಿ ತೂರಿದಾಗ ಅರ್ಧಕ್ಕರ್ಧ ಗಾಳಿಗೆ ಹಾರಿತು.

ಇಷ್ಟಾದರೂ ತುದಿಯ ಊರಿಗೆ ಏನಾದರೂ ಸಿಕ್ಕಿತೇ? ಮೋಟರು ಕಿತ್ತ ವಾರವೇ ಹೋಗಿ ಅಳೆದೆ. ಉಪಕರಣದ ಮುಳ್ಳು ಮೊದಲಿದ್ದಲ್ಲಿಂದ ಅಲುಗಿರಲಿಲ್ಲ. ಅಷ್ಟು ಮೋಟರುಗಳಲ್ಲಿ ಒಂದು ಕಡಿಮೆಯಾದರೆ ತಂತಿಗೆ ಅದು ತಿಳಿಯುವುದೇ ಇಲ್ಲ. ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಲೆಕ್ಕ ಮಾಡಿದ್ದರೆ ಗೊತ್ತಾಗುತ್ತಿತ್ತು.

ಆ ವಾರ ಯಾದಗಿರಿಯ ಹೋಟೆಲಿನಲ್ಲಿ ಖಾದ್ರಿ ಸಾಹೇಬರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಟ್ರಂಕು, ಅಪ್ಪ, ಫೀಸು, ಎಲ್ಲ. ಈ ಕೆಲಸಕ್ಕೆ ನಾನು ಯೋಗ್ಯಳಲ್ಲ, ಬಿಡುತ್ತೇನೆ ಎಂದೆ. ಅವರು ಚಹದ ಬಸಿಯನ್ನು ದೂರ ಸರಿಸಿದರು.

‘ನೀ ನೌಕರಿ ಬಿಟ್ರ ಆ ಊರಿನ ನಲ್ಲಿಯೊಳಗ ನೀರು ಬರ್ತದೇನು?’

‘ಇಲ್ರಿ.’

‘ಹಂಗಾರ ಅಳೋದು ಆಮ್ಯಾಲ. ಕಳ್ಳತನ ಬಂದ್ ಮಾಡೋದು ನಮ್ಮ ಕೈಯಾಗಿಲ್ಲ. ಕುಡಿಯೋ ನೀರಿನ ಮೋಟರ್ ಹ್ಯಾಂಗ ಉಳಿಸ್ತಿ? ಅದು ಹೇಳು.’

ಆ ಹೋಟೆಲಿನ ಟೇಬಲ್ಲಿನ ಮೇಲೆ ನಾನು ನನ್ನ ಉದ್ಯೋಗವನ್ನು ಕಲಿತೆ. ಕುಡಿಯುವ ನೀರಿನ ಮೋಟರನ್ನು ಹೊಲಗಳ ತಂತಿಯಿಂದ ಬಿಡಿಸಿ, ಬೇರೆ ತಂತಿ ಎಳೆದು ಕೊಡುವುದು. ಹೊಲದವರು ಎಷ್ಟೇ ಎಳೆದರೂ ಅದಕ್ಕೆ ತಟ್ಟಬಾರದು. ದೊಡ್ಡ ಉಪಾಯವೇನಲ್ಲ. ಆದರೆ ಎಷ್ಟು ಕಂಬ, ಎಲ್ಲಿಂದ ಎಲ್ಲಿಗೆ, ಅದರಿಂದ ಏನು ಉಳಿಯುತ್ತದೆ ಎಂದು ಯಾರಾದರೂ ಕೂತು ಬರೆದು ಒಪ್ಪಿಸಬೇಕಿತ್ತು. ಅವರು ತಿದ್ದಿದಷ್ಟು ಸಲವೂ ಹೊಸದಾಗಿ ಬರೆದೆ. ಅದು ಮಂಜೂರಾಗಿ ಕಂಬಗಳು ನಿಲ್ಲುವಷ್ಟರಲ್ಲಿ ನಾನು ಆ ಸೀಮೆ ಬಿಟ್ಟು ಬಹಳ ಕಾಲವಾಗಿತ್ತು. ನಿಂತವು ಎಂದು ಬಸಲಿಂಗಣ್ಣ ಹೇಳಿ ಕಳಿಸಿದ್ದ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ, ನಾನು ಕೊನೆಯ ಅಳತೆಗೆ ತುದಿಯ ಊರಿಗೆ ಹೊರಟಾಗ ಅಪ್ಪ ಒಗೆದ ಧೋತರ ಉಟ್ಟು ಪಡಸಾಲೆಯಲ್ಲಿ ನಿಂತಿದ್ದ.

‘ನಾನೂ ಬರ್ತೀನಿ,’ ಎಂದ.

ಊರು ಮುಟ್ಟಿದಾಗ ಸುಜಾತಾ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪನನ್ನು ಕಂಡು ಮೊರ ಕೆಳಗಿಟ್ಟು ಓಡಿ ಬಂದಳು, ಕಾಲಿಗೆ ಬಾಗಿದಳು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

‘ಬ್ಯಾಡವ್ವಾ. ನಿನಗೊಂದು ಮಾತು ಹೇಳಾಕ ಬಂದೀನಿ.’

‘ಒಳಗ ಬರ್ರಿ ಸರ್, ಕೂಡ್ರಿ ಮೊದಲು.’

‘ನಿಂತೇ ಹೇಳ್ತೀನಿ. ನಮ್ಮೂರಿನ ದಂಡಿ ಮ್ಯಾಲ ಕದ್ದ ಕರೆಂಟಿನ್ಯಾಗ ಓಡ್ತಿದ್ದ ಮೋಟರಿನ್ಯಾಗ ನಂದೂ ಒಂದಿತ್ತು. ಇಷ್ಟು ವರ್ಷ ಓಡಿಸೀನಿ. ನಿಮ್ಮ ಮೋಟರ್ ಸುಡೋದ್ರಾಗ ನಂದೂ ಪಾಲದ.’

ಸುಜಾತಾ ನೆಲ ನೋಡಿದಳು. ಆಮೇಲೆ, ‘ಗೊತ್ತಿತ್ರಿ ಸರ್,’ ಎಂದಳು.

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

‘ಮೋಟರ್ ಸುಟ್ಟಾಗ ಲೈನ್ ನೋಡಾಕ ಬಂದ ಬಸಲಿಂಗಣ್ಣ ಮಳಿಗಾಲಕ್ಕಿಂತ ಮೊದಲೇ ಹೇಳಿದ್ದ. ತಂಗಿ ಮೊದಲ ಸಲ ಬಂದಾಗ ಬಾಯಿಗೆ ಬಂದಿತ್ರಿ. ಮನಿಗೆ ಬಂದ ಹೆಣ್ಮಗಳು, ಉಣ್ಣಾಕ ಕುಂತಾಳ. ಅಪ್ಪನ ಸುದ್ದಿ ಹ್ಯಾಂಗ ಹೇಳ್ಲಿ ಅಂತ ಸುಮ್ನಾದೆ.’

ಅವಳು ಮತ್ತೊಂದು ರೊಟ್ಟಿ ಹಾಕಿದ್ದು, ನನ್ನ ಮುಖ ನೋಡಿದ್ದು, ಎಲ್ಲ ಒಮ್ಮೆಲೇ ತಿಳಿಯಿತು. ನನಗೆ ಗೊತ್ತಿಲ್ಲದ ನನ್ನ ನಾಚಿಕೆಯನ್ನು ಅಷ್ಟು ದಿನ ಅವಳು ಮುಚ್ಚಿಟ್ಟುಕೊಂಡು ಬಂದಿದ್ದಳು.

‘ಗೊತ್ತಿದ್ದೂ ನಮಸ್ಕಾರ ಹೇಳಿ ಕಳಿಸಿದಿ?’ ಅಪ್ಪ ಕೇಳಿದ.

‘ಕಲಿಸಿದ್ದಕ್ಕ ಹೇಳಿದ್ನಿರಿ,’ ಎಂದಳು ಸುಜಾತಾ, ಈಗ ನೇರವಾಗಿ ಅವನನ್ನು ನೋಡಿ. ‘ಮೋಟರಿಗಲ್ಲ.’

ಒಳಗೆ ಹೋಗಿ ಒಂದು ಚರಿಗೆ ನೀರು ತಂದುಕೊಟ್ಟಳು. ಅಪ್ಪ ಕುಡಿಯಲಿಲ್ಲ. ಚರಿಗೆಯನ್ನು ಕೈಯಲ್ಲಿ ಹಿಡಿದು, ‘ಎಲ್ಲಿಂದ ತಂದಿ ಇದು?’ ಎಂದು ಕೇಳಿದ. ಅವಳು ಬೋರಿಂಗಿನ ಕಡೆ ಕೈ ತೋರಿಸಿದಳು. ಅಪ್ಪ ನೀರನ್ನು ಪೂರ್ತಿ ಕುಡಿದ, ಚರಿಗೆ ಅವಳ ಕೈಗೆ ಕೊಟ್ಟ, ಆ ಕಡೆಗೆ ನಡೆದ. ನಾವಿಬ್ಬರೂ ಹಿಂದೆ ಹೋದೆವು.

ಬೋರಿಂಗಿನ ಹತ್ತಿರ ಹೆಂಗಸರ ಸಾಲು ನಿಂತಿತ್ತು. ಅಪ್ಪ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟ. ಹಿಡಿಕೆಯ ಹತ್ತಿರ ನಿಂತಿದ್ದ ಮುದುಕಿಯನ್ನು ಸರಿಸಿ ತಾನು ಒತ್ತತೊಡಗಿದ. ಹೆಂಗಸರಲ್ಲಿ ಯಾರೋ ಮುಸಿಮುಸಿ ನಕ್ಕರು. ‘ಸರ್, ಬ್ಯಾಡ್ರಿ, ಮಂದಿ ನೋಡ್ತಾರ,’ ಎಂದು ಸುಜಾತಾ ಎರಡು ಸಲ ಹೇಳಿದಳು. ಅವನು ಕೇಳಲಿಲ್ಲ. ಒಂದು ಕೊಡ ತುಂಬಿತು, ಇನ್ನೊಂದು ತುಂಬಿತು. ಅಪ್ಪನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು, ಉಸಿರು ಏರತೊಡಗಿತು. ಟೊಪ್ಪಿಗೆಯನ್ನು ಚೀಲದೊಳಗಿಟ್ಟು ನಾನು ಇನ್ನೊಂದು ಬದಿಗೆ ಹೋಗಿ, ತುಂಬಿದ ಕೊಡಗಳನ್ನು ಹೆಂಗಸರ ತಲೆಗೆ ಎತ್ತಿಕೊಡತೊಡಗಿದೆ. ಯಾರ ಮುಖವನ್ನೂ ನೋಡಲಾಗಲಿಲ್ಲ.

ದೂರದಲ್ಲಿ ಶಹಾಪುರದ ಬಸ್ಸಿನ ಹಾರನ್ನು ಕೇಳಿಸಿತು.

‘ಇನ್ನ ಸಾಕ್ರಿ ಸರ್, ಬಸ್ ಬಂತು,’ ಎಂದಳು ಸುಜಾತಾ.

ಅಪ್ಪ ಹಿಡಿಕೆ ಬಿಡಲಿಲ್ಲ. ‘ಇನ್ನೊಂದು ಕೊಡ ಇಡವ್ವಾ,’ ಎಂದ.